‘ಪೂರ್ತಿ ನೈಸರ್ಗಿಕ ಬಣ್ಣ’ದ ಹಸೆ ಚಿತ್ತಾರ ಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಆನ್‌ಲೈನ್‌ನಲ್ಲಿ ಹಸೆ ಚಿತ್ತಾರ (ಮಲೆನಾಡಲ್ಲಿ ಮದುವೆಗೆ ಗೋಡೆ ಮೇಲೆ ಬರೆಯೋ ಸಾಂಪ್ರದಾಯಿಕ ಚಿತ್ರ) ತರಿಸೋರು ದಯವಿಟ್ಟು ಹುಷಾರಾಗಿರಿ. 9,000 ರೂಪಾಯಿ ಕೊಟ್ಟು ನಾವು ತರಿಸಿದ್ದು ಸ್ಕ್ರೀನ್ ಪ್ರಿಂಟ್ ಮಾಡಿದ ಅಕ್ರಿಲಿಕ್.

ಅಕ್ಕನ ಮಗಳ ಮದುವೆಗೆ ಅಂತ ತರಿಸಿದ್ದು. ಊರಲ್ಲಾಗಿದ್ರೆ ದೊಡ್ಡಮ್ಮನೇ ಗೋಡೆಗೆ ಬರೆಯುತ್ತಿದ್ದರು, ಆದರೆ ಮದುವೆ ಇದ್ದದ್ದು ಬೆಂಗಳೂರಿನ ಛತ್ರದಲ್ಲಿ, ಅಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯೋಕೂ ಬಿಡಲ್ಲ. ಹಾಗಾಗಿ ಹಸೆ ಹಿಂದೆ ನಿಲ್ಲಿಸೋ ಹಾಗೆ ಹಲಗೆ ಮೇಲೆ ಬರೆದದ್ದು ಬೇಕಿತ್ತು. ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ಸಿಕ್ಕಿದರು. ಸಾಗರದ ಕಡೆ ದೀವರು ಅನ್ನೋ ಸಮುದಾಯದ ಹೆಂಗಸರೇ ಬರೆದದ್ದು, ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಕಲು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚ ಕೂಡ ಪುಂಡಿ ನಾರಿನದ್ದು ಅಂತ ಚೆಂದವಾಗಿ ಬರೆದುಕೊಂಡಿದ್ದರು. ಎಲ್ಲ ಸರಿಯಾದ ಮಾತೇ. ಅದೇ ಪೋಸ್ಟ್‌ನ ಕೊನೆಯಲ್ಲಿ ‘ನೀರಲ್ಲಿ ಒರೆಸಬಹುದು, ಬಣ್ಣಕ್ಕೆ ಜೀವಮಾನದ ಗ್ಯಾರಂಟಿ’ ಅಂತಲೂ ಇತ್ತು!

ಪಾರ್ಸೆಲ್ ಬಿಚ್ಚಿದಾಗಲೇ ಪೇಂಟ್ ಅಂಗಡಿ ವಾಸನೆ. ದೊಡ್ಡಮ್ಮ ಬೆರಳು ಒದ್ದೆ ಮಾಡಿ ಒಂದು ಬಿಳಿ ಎಳೆ ಮೇಲೆ ಉಜ್ಜಿದರು, ಬೆರಳು ನೋಡಿಕೊಂಡರು. "ಪೇಂಟ್ ಕಣೋ ಇದು. ಅಕ್ಕಿ ಹಿಟ್ಟಾಗಿದ್ರೆ ಕೈಗೆ ಬರ್ತಿತ್ತು" ಅಂದರು. ಆಮೇಲೆ ನಾನೂ ಹತ್ತಿರದಿಂದ ನೋಡಿದೆ. ಎಡ ಮೂಲೆಯ ಜೋಗಿ ಜಡೆ ಅನ್ನೋ ವಿನ್ಯಾಸದಲ್ಲಿ ಒಂದು ಎಳೆ ಸ್ವಲ್ಪ ಹರಿದಂತಿತ್ತು. ಬಲ ಮೂಲೆಯಲ್ಲೂ ಅದೇ ಎಳೆ, ಅದೇ ಜಾಗದಲ್ಲಿ ಹರಿದಿದೆ. ಕೈಯಲ್ಲಿ ಬರೆದದ್ದು ಹಾಗಿರುತ್ತಾ?

ಮಾರಿದವರಿಗೆ ಫೋನ್ ಮಾಡಿದರೆ, ಬಣ್ಣ ಉಳಿಯಲಿ ಅಂತ ಮೇಲೆ ಕೋಟಿಂಗ್ ಕೊಟ್ಟಿದ್ದೇವೆ ಸಾರ್, ಅದಕ್ಕೇ ಕೈಗೆ ಬರಲ್ಲ ಅಂದರು. ಸರಿ ಅಂತ ಮೂಲೆಯಲ್ಲಿ ಬ್ಲೇಡಿನಿಂದ ಮೇಲಿನ ಪದರ ಕೆರೆದು, ಬಿಳಿ ಎಳೆ ಮೇಲೆ ಒಂದು ತೊಟ್ಟು ಟಿಂಚರ್ ಅಯೋಡಿನ್ ಬಿಟ್ಟೆ. ಅಕ್ಕಿಯಲ್ಲಿ ಪಿಷ್ಟ ಇರುತ್ತಲ್ಲ, ಅಯೋಡಿನ್ ತಾಗಿದರೆ ಕಡುನೀಲಿ, ಹೆಚ್ಚುಕಮ್ಮಿ ಕಪ್ಪೇ ಆಗಬೇಕು. ಶಾಲೆಯಲ್ಲಿ ಆಲೂಗಡ್ಡೆ ಮೇಲೆ ಮಾಡಿಸಿರ್ತಾರೆ, ನೆನಪಿದೆಯಾ? ಇಲ್ಲಿ ಕಂದು ಕಲೆ ಕಂದಾಗಿಯೇ ಉಳಿಯಿತು. ಅಡುಗೆಮನೆಯ ಅಕ್ಕಿ ಹಿಟ್ಟಿಗೆ ಅದೇ ಸೀಸೆಯಿಂದ ಬಿಟ್ಟರೆ ತಕ್ಷಣ ಕಪ್ಪಾಯಿತು. ಎರಡರ ವಿಡಿಯೋನೂ ಕಳಿಸಿದೆ. ಬ್ಲಾಕ್ ಮಾಡಿದರು.

ನೀವೂ ಮಾಡಿ ನೋಡೋದಾದರೆ ಒಂದು ವಿಷಯ: ಚಿತ್ರ ಕಾಗದದ ಮೇಲಿದ್ದರೆ ಕಾಗದದಲ್ಲೇ ಪಿಷ್ಟ ಇರಬಹುದು, ಮೊದಲು ಹಿಂಬದಿಗೆ ಒಂದು ತೊಟ್ಟು ಬಿಟ್ಟು ನೋಡಿಕೊಳ್ಳಿ.

ಅಕ್ರಿಲಿಕ್ ಬಗ್ಗೆ ನನಗೇನೂ ಕೋಪ ಇಲ್ಲ. ಊರಿನ ಹೆಂಗಸರೇ ಎಷ್ಟೋ ಜನ ಈಗ ಬಟ್ಟೆ, ಮರದ ಮೇಲೆ ಅದರಲ್ಲೇ ಬರೆಯುತ್ತಾರೆ, ಬಾಳಿಕೆ ಬರುತ್ತೆ, ಹಾಗಂತ ಹೇಳಿಯೇ ಮಾರುತ್ತಾರೆ. ಅದನ್ನು ಕೊಳ್ಳಿ, ತಪ್ಪೇನಿಲ್ಲ. ಇವರು ಮಾಡಿದ್ದು ಬೇರೆ. ಬರೆಯದೇ ಇರೋ ಹೆಂಗಸರ ಹೆಸರು ಹೇಳಿ ಅವರ ಕೂಲಿ ತಾವು ಹೊಡೆದರು. ನಿಜವಾದ ಮಣ್ಣು-ಅಕ್ಕಿ ಚಿತ್ತಾರಕ್ಕೆ ಗ್ಯಾರಂಟಿ ಯಾರೂ ಕೊಡಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ, ಜಿರಲೆ ಬಿಳಿಯನ್ನು ತಿಂದು ಹೋಗುತ್ತೆ, ಒದ್ದೆ ಬಟ್ಟೆ ತಾಗಿದರೆ ಎಳೆ ಕದಡುತ್ತೆ. ಮಾರೋರು ಇದನ್ನೆಲ್ಲ ತಾವಾಗೇ ಹೇಳಿದರೆ ಅವರನ್ನು ನಂಬಬಹುದು. ದುಡ್ಡು ಹಾಕೋ ಮುಂಚೆ, ನಿಮ್ಮದೇ ಚಿತ್ರವನ್ನು ಅರ್ಧ ಬರೆದಿರುವಾಗಿನ ವಿಡಿಯೋ ಕೇಳಿ. ‘ಸ್ಟಾಕ್ ರೆಡಿ ಇದೆ, ಇವತ್ತೇ ಕಳಿಸ್ತೀವಿ’ ಅಂದರೆ ಅಲ್ಲಿಗೇ ಬಿಡಿ.

ಮದುವೆಗೆ ಆ ಹಲಗೆ ಇಡಲಿಲ್ಲ. ದೊಡ್ಡಮ್ಮ ಪ್ಲೈವುಡ್‌ಗೆ ಕೆಮ್ಮಣ್ಣು ಬಳಿದು ಚಿಕ್ಕದೊಂದು ಬರೆದುಕೊಟ್ಟರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಹಣ ಇನ್ನೂ ಬಂದಿಲ್ಲ. ಇದೇ ಥರ ಮೋಸ ಹೋದವರಿದ್ದರೆ ಬಿಲ್, ಚಾಟ್‌ನ ಸ್ಕ್ರೀನ್‌ಶಾಟ್ ಅಳಿಸಬೇಡಿ, ದೂರು ಕೊಡುವಾಗ ಅವೇ ಬೇಕಾಗೋದು.