ತೋಟದ ನೆರಳಿಗೆ ಯಾವ ಲೆನ್ಸ್? 150-600 ಜೂಮ್, 300 ಎಫ್/4, ಬ್ರಿಜ್ ಕ್ಯಾಮೆರಾ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು 300 ಎಂಎಂ ಎಫ್/4 ಲೆನ್ಸಿಗೆ. ಎಂಎಂ ಜಾಸ್ತಿಯಾದಷ್ಟು ಹಕ್ಕಿ ಹತ್ತಿರ ಕಾಣುತ್ತದೆ, ಎಫ್ ಮುಂದಿನ ಅಂಕಿ ಕಡಿಮೆಯಾದಷ್ಟು ಬೆಳಕು ಜಾಸ್ತಿ ಒಳಗೆ ಬರುತ್ತದೆ. ನಿಕಾನ್ 2015ರಲ್ಲಿ ತಂದ ಪಿಎಫ್ ಮಾಡೆಲ್, ಅಂದರೆ ಫ್ರೆನೆಲ್ ಬಗೆಯ ಗಾಜು ಹಾಕಿ ಚಿಕ್ಕದು ಮಾಡಿದ್ದು. ಅದಕ್ಕಾಗಿ ಕೈಯಲ್ಲಿದ್ದ 150-600 ಜೂಮ್ ಮಾರಿದೆ. 600ರಿಂದ 300ಕ್ಕೆ ಇಳಿದವನನ್ನು ನೋಡಿ ಗೆಳೆಯರು ನಕ್ಕರು. ಹಕ್ಕಿ ಫೋಟೋಗೆ ಲೆನ್ಸ್ ಎಷ್ಟು ಉದ್ದ ಇದ್ದರೂ ಸಾಲದು ಅನ್ನುವುದು ಎಲ್ಲರ ಮಾತು. ಬಯಲುಸೀಮೆಯ ಕೆರೆ ದಂಡೆಗೆ ಆ ಮಾತು ಸರಿ. ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟಕ್ಕೆ ಸರಿಯಿಲ್ಲ. ಇಲ್ಲಿ ಹಕ್ಕಿ ಹತ್ತಿರವೇ ಇರುತ್ತದೆ. ಬೆಳಕೇ ಇರುವುದಿಲ್ಲ.

ಎರಡೂ ಲೆನ್ಸನ್ನು ಒಂದೇ ಕ್ಯಾಮೆರಾಗೆ ಹಾಕಿ ನೋಡಿದ್ದೇನೆ, ನಿಕಾನ್ ಡಿ500. ಹಳೇ ಡಿಎಸ್‌ಎಲ್‌ಆರ್, ಆದರೆ ಫೋಕಸ್ ಇವತ್ತಿಗೂ ಚುರುಕು. ಫುಲ್‌ಫ್ರೇಮ್ ಅಲ್ಲದ, ಅದಕ್ಕಿಂತ ಚಿಕ್ಕ ಸೆನ್ಸರ್ ಇರುವ ಕಾರಣ 300 ಹಾಕಿದರೆ 450ರಷ್ಟು, 600 ಹಾಕಿದರೆ 900ರಷ್ಟು ಹತ್ತಿರ ಕಾಣುತ್ತದೆ. ಜೂಮ್ ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಈ ಅಳತೆಯದನ್ನು ಒಂದಕ್ಕಿಂತ ಜಾಸ್ತಿ ಕಂಪನಿಗಳು ಮಾಡುತ್ತವೆ. ನನ್ನ ತಕರಾರು ಆ ಅಳತೆಯ ಮೇಲೆ, ಕಂಪನಿ ಮೇಲಲ್ಲ. ಬ್ರಿಜ್ ಕ್ಯಾಮೆರಾ, ಅಂದರೆ ಲೆನ್ಸ್ ಬದಲಿಸಲಾಗದ ಉದ್ದ ಜೂಮಿನ ಕ್ಯಾಮೆರಾ, ನಮ್ಮ ಭಾವನದು. ಚಳಿಗಾಲ ಪೂರ್ತಿ ನನ್ನ ಹತ್ತಿರವೇ ಬಿದ್ದಿತ್ತು.

ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಬೆಳಿಗ್ಗೆ ಏಳೂವರೆ ಹೊತ್ತಿಗೆ ತೋಟದೊಳಗೆ ಇಳಿದು ನೋಡಿ. ಮೇಲೆ ಸಿಲ್ವರ್ ಓಕ್, ಬಳಂಜಿ, ಅತ್ತಿ. ಮರಕ್ಕೆಲ್ಲ ಮೆಣಸಿನ ಬಳ್ಳಿ. ಕೆಳಗೆ ಆಳೆತ್ತರದ ರೋಬಸ್ಟಾ. ಇದರ ಮೇಲೆ ಮಂಜು ಬೇರೆ. ಗಿಡದ ಬುಡದಲ್ಲಿ ತರಗೆಲೆ ಕೆದಕುತ್ತಾ ನವರಂಗ ಕುಪ್ಪಳಿಸುತ್ತಿರುತ್ತದೆ. ಉತ್ತರ ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುವ ಹಕ್ಕಿ ಇದು. ಮೈಮೇಲೆ ಅಷ್ಟು ಬಣ್ಣ ಇದ್ದರೂ ಆ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದು ಅದರ ಅಲುಗಾಟ ಮಾತ್ರ.

ಹಕ್ಕಿ ನಿಂತಿದ್ದರೂ ಶಟರ್ ವೇಗ ಸೆಕೆಂಡಿನ 1/250 ಆದರೂ ಬೇಕು ನನಗೆ. ಅದಕ್ಕೆ ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಸೆನ್ಸರ್ ಬೆಳಕನ್ನು ಹಿಗ್ಗಿಸುವ ಮಟ್ಟ, ಏರಿಸಬೇಕು. ಏರಿಸಿದಷ್ಟೂ ಫೋಟೋ ಕೆಡುತ್ತದೆ. 300ರಲ್ಲಿ ಎಫ್/4ಕ್ಕೆ ಐಎಸ್‌ಒ 3200ರಲ್ಲಿ ಸಿಗುವ ಫೋಟೋಗೆ, ಜೂಮನ್ನು 600ಕ್ಕೆ ಎಳೆದರೆ ಎಫ್/6.3 ಆಗಿ ಐಎಸ್‌ಒ 8000 ಬೇಕಾಗುತ್ತದೆ. ಡಿ500ರಲ್ಲಿ 3200 ಅಂದರೆ ಪ್ರಿಂಟ್ ಹಾಕಬಹುದಾದ ಫೋಟೋ. 8000 ಅಂದರೆ ವಾಟ್ಸಾಪ್ ಫೋಟೋ. ಗರಿಯ ಎಳೆಗಳೆಲ್ಲ ಕಲಸಿ ಹೋಗಿರುತ್ತವೆ. ಸರಿ, ಜೂಮನ್ನು 300ಕ್ಕೇ ನಿಲ್ಲಿಸಿದರೆ? ಆಗಲೂ ಎಫ್/5.6ರ ಆಸುಪಾಸು. 300ಕ್ಕೇ ನಿಲ್ಲಿಸುವುದಾದರೆ ಎರಡು ಕೆಜಿ ಹೊರುವುದು ಯಾಕೆ?

ಕೈ ನಡುಕ ತಡೆಯುವ ವಿಆರ್ ಇದೆಯಲ್ಲಾ ಅನ್ನಬಹುದು. ಅದು ನನ್ನ ಕೈಯನ್ನು ತಡೆಯುತ್ತದೆ, ಕಾಡು ಕುಂಡೆಕುಸ್ಕದ ಬಾಲವನ್ನಲ್ಲ. ಉಳಿದ ಕುಂಡೆಕುಸ್ಕಗಳು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತವೆ. ಈ ಪುಣ್ಯಾತ್ಮ ಅತ್ತಿತ್ತ ಆಡಿಸುತ್ತಾನೆ, ಸೊಂಟದ ಸಮೇತ. ಪೂರ್ವ ಏಷ್ಯಾದಿಂದ ಹಾರಿ ಬಂದು ನಮ್ಮ ತೋಟದ ಕಾಲುದಾರಿಯಲ್ಲಿ ಹುಳ ಹೆಕ್ಕುವ ಹಕ್ಕಿಗೆ ಒಂದು ಕ್ಷಣ ಸುಮ್ನೆ ನಿಲ್ಲಲು ಏನು ಕಷ್ಟವೋ.

ಇನ್ನು ದೂರ. ಕಾಫಿ ಗಿಡಗಳ ನಡುವೆ ಹತ್ತು ಮೀಟರ್ ಆಚೆ ಏನೂ ಕಾಣುವುದಿಲ್ಲ. 600 ಹಾಕಿದರೆ ಅಡ್ಡ ಬಂದ ಎಲೆಯೇ ದೊಡ್ಡದಾಗಿ ಕಾಣುತ್ತದೆ, ಅಷ್ಟೇ ಲಾಭ. ಅದರಲ್ಲಿ ಹಕ್ಕಿಯನ್ನು ಹುಡುಕುವುದೇ ಒಂದು ಕೆಲಸ. ಬರಿಗಣ್ಣಿಗೆ ಕೊಂಬೆ ಮೇಲೆ ಸ್ಪಷ್ಟವಾಗಿ ಕೂತಿರುತ್ತದೆ, ಕ್ಯಾಮೆರಾ ಎತ್ತಿದರೆ ಬರೀ ಕಡ್ಡಿಗಳು. ಜೂಮ್ ಹಿಂದಕ್ಕೆ ತಂದು, ಹುಡುಕಿ, ಮತ್ತೆ ಮುಂದಕ್ಕೆ ಎಳೆಯುವಷ್ಟರಲ್ಲಿ ಕೊಂಬೆ ಖಾಲಿ. ಒಂದೇ ಕಡೆ ಅಲುಗಾಡದೆ ಕೂತರೆ ನವರಂಗ ತಾನಾಗಿ ನಾಲ್ಕೈದು ಮೀಟರ್ ಹತ್ತಿರ ಬರುತ್ತದೆ. 300 ಎಫ್/4ಕ್ಕೆ 1.4 ಮೀಟರ್‌ವರೆಗೂ ಫೋಕಸ್ ಸಿಗುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವವರೂ ಇದ್ದಾರೆ. ಅವರಿಗೆ ಲೆನ್ಸ್ ಸಲಹೆ ಕೊಡುವ ಮನಸ್ಸಿಲ್ಲ.

ಇಷ್ಟೇ ಆಗಿದ್ದರೆ ಜೂಮನ್ನು ಇಟ್ಟುಕೊಂಡಿರುತ್ತಿದ್ದೆನೋ ಏನೋ. ಮಾರಿಸಿದ್ದು ನೀರು. ಮಳೆಗಾಲದ ನೀರಲ್ಲ, ಆಗ ಕ್ಯಾಮೆರಾ ಹೊರಗೆ ತೆಗೆಯುವುದೇ ಇಲ್ಲ. ಚಳಿಗಾಲದ ನೀರು.

ಕೊಡಗಿನ ಹೊರಗಿನವರಿಗೆ ಇದು ಗೊತ್ತಾಗುವುದಿಲ್ಲ. ರಾತ್ರಿಯಿಡೀ ಇಳಿದ ಮಂಜು ಸಿಲ್ವರ್ ಓಕ್ ಎಲೆಗಳ ಮೇಲೆ ಕೂತಿರುತ್ತದೆ. ಬೆಳಿಗ್ಗೆ ಸ್ವಲ್ಪ ಗಾಳಿ ಬಂದರೆ ಸಾಕು, ಟಪಟಪ ಉದುರುತ್ತದೆ. ಆಕಾಶದಲ್ಲಿ ಮೋಡ ಇಲ್ಲ, ತೋಟದೊಳಗೆ ಮಳೆ. 150-600 ಜೂಮನ್ನು ತಿರುಗಿಸಿದಾಗ ಒಳಗಿನ ಕೊಳವೆ ಹೊರಗೆ ಬರುತ್ತದಲ್ವಾ, ಹನಿ ಬೀಳುವುದು ಅದರ ಮೇಲೆ. ಹಕ್ಕಿ ಹೋಯಿತು ಅಂತ ಹಿಂದಕ್ಕೆ ತಿರುಗಿಸಿದರೆ ಆ ಒದ್ದೆಯೂ ಲೆನ್ಸಿನ ಜೊತೆ ಒಳಗೆ. ಇದು ಸಾಲದು ಅಂತ ಪ್ರತಿ ಸಲ ಉದ್ದ ಮಾಡಿದಾಗಲೂ ಲೆನ್ಸು ಸೈಕಲ್ ಪಂಪಿನ ಹಾಗೆ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ರಬ್ಬರ್ ಸೀಲ್ ಇದೆ ಅಂತ ಡಬ್ಬದ ಮೇಲೆ ಬರೆದಿರಬಹುದು. ಸೀಲ್ ಹನಿಯನ್ನು ತಡೆದೀತು. ಗಾಳಿ ಒಳಗೆ ಹೋಗಲೇಬೇಕು, ಇಲ್ಲದಿದ್ದರೆ ಕೊಳವೆ ಹೊರಗೆ ಬರುವುದಾದರೂ ಹೇಗೆ? ಆ ಹೊತ್ತಿನ ಗಾಳಿ ಎಂದರೆ ಅರ್ಧ ನೀರೇ.

ಆಮೇಲೆ ಮನೆಗೆ ಬರುತ್ತೇವೆ. ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತಿರುತ್ತದೆ, ಮೇಲೆ ಕಡಂಬುಟ್ಟು ಬೇಯುತ್ತಿರುತ್ತದೆ. ಬೆಚ್ಚಗೆ, ಆವಿ ತುಂಬಿದ ಜಾಗ. ಹೊರಗೆ ತಣ್ಣಗಾದ ಗಾಜನ್ನು ಅಲ್ಲಿಗೆ ತಂದರೆ ಆ ಆವಿ ಗಾಜಿನ ಮೇಲೆ ನೀರಾಗುತ್ತದೆ. ಮುಂದಿನ ಗಾಜಿನ ಮೇಲಾದರೆ ಬಟ್ಟೆಯಲ್ಲಿ ಒರೆಸಬಹುದು. ನನ್ನ ಜೂಮಿನಲ್ಲಿ ಒಳಗಿನ ಗಾಜಿಗೇ ಮಂಜು ಹಿಡಿಯುತ್ತಿತ್ತು. ಅದನ್ನು ಒರೆಸಲು ಆಗುವುದಿಲ್ಲ. ಬಿಸಿಲಿಗೂ ಇಡುವಂತಿಲ್ಲ. ಮೇಜಿನ ಮೇಲಿಟ್ಟು ಕಾಯಬೇಕು. ಅಷ್ಟರಲ್ಲಿ ಮನೆ ಹಿಂದಿನ ಅತ್ತಿಮರಕ್ಕೆ ಮಲಬಾರ್ ಬೂದು ಮಂಗಟ್ಟೆಗಳು ಬಂದು, ಗದ್ದಲ ಮಾಡಿ, ಹಣ್ಣು ತಿಂದು ಹೋಗಿರುತ್ತವೆ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಮನೆ ಹಿಂದೆಯೇ ಬಂದಿದೆ, ಲೆನ್ಸಿನ ಒಳಗೆ ಬರೀ ಹಾಲು ಬಿಳುಪು. ಆಗಿನ ಸಿಟ್ಟು ಹೇಳಿ ಪ್ರಯೋಜನ ಇಲ್ಲ.

ಇದಕ್ಕೆ ಉಪಾಯ ಇದೆ. ಒಳಗೆ ಬರುವ ಮುಂಚೆ, ಹೊರಗಿನ ಜಗಲಿಯಲ್ಲೇ ಲೆನ್ಸನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಬೇಕು. ಲೆನ್ಸ್ ಬೆಚ್ಚಗಾಗುವವರೆಗೆ ನೀರು ಚೀಲದ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ. ಬೆಚ್ಚಗಿನ ಕಾರಿನೊಳಗೆ ಇಡುವಾಗಲೂ ಇದೇ ನಿಯಮ. ಆದರೆ ಆಗಾಗ ಒಳಗೆ ಹೊರಗೆ ಓಡಾಡುವ ನನ್ನಂಥವನಿಗೆ ಪ್ರತಿ ಸಲ ಚೀಲ ಕಟ್ಟಿ ಬಿಚ್ಚುವುದು ಆಗುವ ಮಾತಲ್ಲ. ಮಂಜಾದರೂ ಒಣಗಿ ಹೋಗುತ್ತದೆ. ಒಳಗೆ ಉಳಿದ ತೇವಕ್ಕೆ ಫಂಗಸ್ ಹಿಡಿದರೆ ಅದು ತಾನಾಗಿ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸ್ಟು ಬರುವ ಊರು ನಮ್ಮದು. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ 40ರಿಂದ 50 ಪರ್ಸೆಂಟ್ ಒಳಗೆ ಇಡಿ. ಇಲ್ಲದಿದ್ದರೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್. ಅಕ್ಕಿ ಡಬ್ಬದಲ್ಲಿ ಹೂತಿಡಿ ಅನ್ನುವವರ ಮಾತು ಕೇಳಬೇಡಿ, ಅಕ್ಕಿಯ ಧೂಳು ಸೇರಿಕೊಂಡರೆ ಅದು ಇನ್ನೊಂದು ತಲೆನೋವು.

300 ಎಫ್/4 ಉದ್ದವಾಗುವ ಲೆನ್ಸೇ ಅಲ್ಲ. ಫೋಕಸ್ ಮಾಡುವಾಗಲೂ ಹೊರಗೆ ಏನೂ ಅಲುಗುವುದಿಲ್ಲ. ಇದಕ್ಕೂ ಮಂಜು ಹಿಡಿಯುತ್ತದೆ, ಆದರೆ ಇಲ್ಲಿಯವರೆಗೆ ಮುಂದಿನ ಗಾಜಿಗೆ ಮಾತ್ರ. ಒರೆಸಿದರೆ ಮುಗಿಯಿತು. ಪೂರ್ತಿ ವಾಟರ್‌ಪ್ರೂಫ್ ಅಂತ ತಿಳಿದುಕೊಳ್ಳಬೇಡಿ, ಜೋರು ಹನಿಗೆ ನಾನೂ ಟವೆಲ್ ಹೊದಿಸುತ್ತೇನೆ.

ತೂಕ 755 ಗ್ರಾಂ. ಜೂಮ್ ಎರಡು ಕೆಜಿ ಹತ್ತಿರ. ಭುಜದ ನೋವಿಗಿಂತ ದೊಡ್ಡ ಕಾರಣ ನಮ್ಮ ಕಡೆ ಆನೆ. ಸಿದ್ದಾಪುರ, ಅಮ್ಮತ್ತಿ ಸುತ್ತಮುತ್ತ ರಾತ್ರಿ ಆನೆ ಎಲ್ಲಿತ್ತು ಅಂತ ಕೇಳಿಕೊಂಡೇ ಬೆಳಿಗ್ಗೆ ತೋಟಕ್ಕೆ ಇಳಿಯಬೇಕು. ಕೇಳಿಕೊಂಡು ಹೋದರೂ ನಂಬುವಂತಿಲ್ಲ. ಟ್ರೈಪಾಡ್ ಮಡಚಿ, ಲೆನ್ಸ್ ಬ್ಯಾಗಿಗೆ ತುಂಬುವಷ್ಟು ಪುರುಸೊತ್ತು ಆನೆ ಕೊಡುವುದಿಲ್ಲ. ಒಂದು ಕೈಯಲ್ಲಿ ಹಿಡಿದು ನಡೆಯುವಂಥದ್ದೇ ಇರಬೇಕು. ಕಣ್ಣು ವ್ಯೂಫೈಂಡರ್‌ನಲ್ಲೇ ಇಟ್ಟುಕೊಂಡು ಕೂರುವುದೂ ಒಳ್ಳೆಯದಲ್ಲ.

300ರಲ್ಲಿ ಕೊರತೆ ಇಲ್ಲವೇ? ಇದೆ. ಲೆನ್ಸ್ ಇಷ್ಟು ಚಿಕ್ಕದಾಗಲು ಕಾರಣ ಒಳಗಿರುವ ಫ್ರೆನೆಲ್ ಬಗೆಯ ಗಾಜು. ಫ್ರೇಮಿನೊಳಗೆ ಜೋರು ಬೆಳಕು ಬಂದರೆ ಅದರ ಸುತ್ತ ಬಣ್ಣದ ಬಳೆ ಮೂಡಬಹುದು ಅಂತ ನಿಕಾನ್ ಕಂಪನಿಯೇ ಎಚ್ಚರಿಸುತ್ತದೆ. ಓಕ್ ಮರಗಳ ಸಂದಿಯಿಂದ ಸೂರ್ಯ ಇಣುಕುವ ಹೊತ್ತಿನಲ್ಲಿ ಭೀಮರಾಜ ಹಕ್ಕಿಯ ಬಾಲವನ್ನು ಬೆಳಕಿಗೆ ಎದುರಾಗಿ ಹಿಡಿಯುವ ಆಸೆ ಇದ್ದವರು ಇದನ್ನು ಗಮನದಲ್ಲಿಡಿ. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಸೂರ್ಯನನ್ನು ಮರದ ಹಿಂದೆ ಹಾಕಿಕೊಳ್ಳುತ್ತೇನೆ.

ಚಿಕ್ಲಿಹೊಳೆ, ಹಾರಂಗಿ ಹಿನ್ನೀರಿಗೆ ಹೋದರೆ ಆಟವೇ ಬೇರೆ. ಬೆಳಕು ಬೇಕಾದಷ್ಟು, ಹಕ್ಕಿ ಮಾತ್ರ ದೂರ. ಬೋಳು ಮರದ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತಿರುತ್ತದೆ, ಮೇಲೆ ಗರುಡ ಸುತ್ತುತ್ತಿರುತ್ತದೆ. ಅಲ್ಲಿ 300 ಸಾಲದು, 600 ಗೆಲ್ಲುತ್ತದೆ. ನಾಗರಹೊಳೆ ಸಫಾರಿಯಲ್ಲೂ ಅಷ್ಟೇ. ವಾಹನದಿಂದ ಇಳಿಯುವಂತಿಲ್ಲ, ಹಕ್ಕಿ ಎಲ್ಲಿ ಸಿಗುತ್ತದೋ ಅಲ್ಲಿಂದಲೇ ತೆಗೆಯಬೇಕು, ಜೂಮ್ ಇದ್ದವರೇ ಪುಣ್ಯವಂತರು. ವಾರದ ಕೊನೆಗೆ ಅಂಥ ಕಡೆಗೇ ಹೋಗುವವರು ನನ್ನ ಮಾತು ಕೇಳಬೇಕಿಲ್ಲ. ನಾನು ಹೋಗುವುದು ಅಪರೂಪ. ಕಾಫಿ ಕೊಯ್ಲಿನ ಸಮಯದಲ್ಲಿ ಮನೆ ಬಿಟ್ಟು ಎಲ್ಲಿಗೆ ಹೋಗುವುದು? ಕೆಲಸದವರು ಬರುವ ಮುಂಚಿನ ಒಂದು ಗಂಟೆ ಸಿಕ್ಕರೆ ಅದೇ ದೊಡ್ಡದು.

ಬ್ರಿಜ್ ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಸಿಲು ಏರಿದ ಮೇಲೆ ಕಣದ ಪಕ್ಕದ ತಂತಿ ಮೇಲೆ ಕೂತ ಹಕ್ಕಿಗೆ ಚೆನ್ನಾಗಿದೆ, ಚಂದ್ರನಿಗೂ ಚೆನ್ನಾಗಿದೆ. ಉಗುರಿನಷ್ಟು ಸೆನ್ಸರ್ ಇಟ್ಟುಕೊಂಡು ನೆರಳಿನಲ್ಲಿ ಅದು ಏನು ತಾನೇ ಮಾಡೀತು. ಯಾವ ಹಕ್ಕಿ ಅಂತ ಗುರುತಿಸಲು ಒಂದು ಫೋಟೋ ಸಾಕು ಅನ್ನುವವರು ಇದನ್ನೇ ಕೊಳ್ಳಿ, ದುಡ್ಡೂ ಉಳಿಯುತ್ತದೆ.

300 ಎಫ್/4 ಪಿಎಫ್ ನನಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್. ಹೊಸದರ ರೇಟು ನನ್ನ ಕೈಗೆ ಎಟುಕುವಂತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಕಿ ನೋಡಿ. ಜೇಡರ ಬಲೆಯಂತೆ ಎಳೆ ಕಂಡರೆ ಫಂಗಸ್, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಮಾರುವವರು ಮಲೆನಾಡಿನವರೋ ಕರಾವಳಿಯವರೋ ಆಗಿದ್ದರೆ ಎರಡು ಸಲ ನೋಡಿ. ಹೆಸರಿನ ಹತ್ತಿರ 4ಇ, ಪಿಎಫ್ ಎರಡೂ ಇದೆಯೇ ನೋಡಿಕೊಳ್ಳಿ. ಹಳೇ 300 ಎಫ್/4ಡಿ ಕೂಡ ಇದೇ ಅಳತೆಯದು, ಆದರೆ ಅದು ಒಂದೂವರೆ ಕೆಜಿ ಹತ್ತಿರ, ವಿಆರ್ ಕೂಡ ಇಲ್ಲ. ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಬಳೆ, ಟ್ರೈಪಾಡ್ ಕಾಲರ್, ಪಿಎಫ್ ಜೊತೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ನಾನು ಕೊಂಡಿಲ್ಲ, ಟ್ರೈಪಾಡನ್ನೇ ಒಯ್ಯುವುದಿಲ್ಲವಲ್ಲ.