ಮೂರು ಮಳೆಗಾಲ ಕಂಡ ಏರ್ ರೈಫಲ್: ಪೆಲೆಟ್ ಕೂರದಿದ್ದರೆ ಗುರಿ ಎಲ್ಲಿಂದ ಬರಬೇಕು?

ಕೊಂಡ ಮೊದಲ ಹತ್ತು ತಿಂಗಳು ಈ ರೈಫಲ್ ನನ್ನ ಕಣ್ಣಿನ ಮೇಲೆಯೇ ನನಗೆ ಅನುಮಾನ ಹುಟ್ಟಿಸಿತ್ತು. ಕಾಫಿ ಕಣದ ಆಚೆ ತುದಿಗೆ, ಹತ್ತು ಮೀಟರ್ ದೂರದಲ್ಲಿ ರಟ್ಟು ನಿಲ್ಲಿಸಿ ಹೊಡೆದರೆ ಎರಡು ಪೆಲೆಟ್ (ಸೀಸದ ಸಣ್ಣ ಗುಂಡು) ಒಂದೇ ಕಡೆ ಬೀಳುತ್ತಿದ್ದವು, ಮೂರನೆಯದು ನಾಲ್ಕು ಬೆರಳು ಆಚೆ, ನಾಲ್ಕನೆಯದು ರಟ್ಟನ್ನೇ ತಪ್ಪಿಸಿಕೊಂಡು ಹಿಂದಿನ ಮಣ್ಣಿನ ದಿಣ್ಣೆಗೆ. ವಿರಾಜಪೇಟೆಗೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಬದಲಿಸಿದೆ. ಆದರೂ ಅದೇ ಹಾಡು.

ನಮ್ಮ ಮನೆಯಲ್ಲಿ ಕೋವಿ ಹೊಸದಲ್ಲ. ಗೋಡೆಯ ಮೇಲಿನ ಜೋಡುನಳಿಕೆಗೆ ಕೈಲ್‌ಪೊಳ್ದ್ (ನಮ್ಮ ಕೊಡಗಿನ ಆಯುಧ ಹಬ್ಬ) ದಿನ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತೇವೆ. ಅದರ ತೋಟಾದ ಬೆಲೆಯಲ್ಲಿ ದಿನವೂ ಅಭ್ಯಾಸ ಮಾಡುವುದು ನನ್ನಂಥವಳಿಗೆ ಆಗದ ಮಾತು. ಊರಿನ ಮೈದಾನದಲ್ಲಿ ಹಬ್ಬದ ಸ್ಪರ್ಧೆಗೆ ಏರ್‌ಗನ್‌ನವರಿಗೆ ಗುರಿಯಾಗಿ ಮೊಟ್ಟೆ ಇಡುತ್ತಾರೆ. ಅದಕ್ಕೆ ಕೈ ಪಳಗಿಸಿಕೊಳ್ಳಬೇಕೆಂದು ಕಾಳುಮೆಣಸು ಮಾರಿದ ಹಣದಲ್ಲಿ 14,000 ರೂಪಾಯಿ ಕೊಟ್ಟು ಇದನ್ನು ಕೊಂಡೆ. ನಳಿಕೆಯನ್ನೇ ಮಡಚಿ ಸ್ಪ್ರಿಂಗ್ ಎಳೆಯುವ ಮಾದರಿ, ನಳಿಕೆಯ ಒಳಅಗಲ .177 ಇಂಚು. ಈ ಅಳತೆಯಲ್ಲಿ ಶಕ್ತಿ 20 ಜೂಲ್ ಒಳಗಿದ್ದರೆ ಪರವಾನಗಿ ಬೇಕಾಗಿಲ್ಲ. ಉಳಿದ ವಿವರಗಳು ಪೆಟ್ಟಿಗೆಯ ಮೇಲೆಯೇ ಇವೆ.

ದೋಷ ಸಿಕ್ಕಿದ್ದು ಮಾವನವರ ಮಾತಿನಿಂದ. ಜಗಲಿಯಲ್ಲಿ ಕುಳಿತು ನಾನು ಹೊಡೆಯುವುದನ್ನು ನೋಡುತ್ತಿದ್ದವರು, "ಕೈಯನ್ನು ಬೈಯಬೇಡ ಮಗಳೇ, ಮೊದಲು ಗುಂಡು ಎಲ್ಲಿ ಕೂತಿದೆ ನೋಡು" ಎಂದರು. ಅಂದು ಪೆಲೆಟ್ ತುಂಬಿ, ನಳಿಕೆ ಮುಚ್ಚಿ, ಹೊಡೆಯದೆ ಮತ್ತೆ ತೆರೆದೆ. ಸೇಫ್ಟಿ ಹಾಕಿ, ಒಂದು ಕೈಯಲ್ಲಿ ನಳಿಕೆಯನ್ನು ಬಿಗಿಯಾಗಿ ಹಿಡಿದೇ ಇದನ್ನು ಮಾಡಬೇಕು. ಎಳೆದಿಟ್ಟ ಸ್ಪ್ರಿಂಗ್ ತಪ್ಪಿದರೆ ನಳಿಕೆ ಛಟ್ಟನೆ ಮುಚ್ಚಿಕೊಂಡು ಬೆರಳು ಹೋಗುತ್ತದೆ. ನಳಿಕೆಯ ಮುಂದಿನ ಬಾಯಿಯ ಕಡೆಯಿಂದ ಕಡ್ಡಿ ಹಾಕಿ ಪೆಲೆಟ್ಟನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ ಅಂಗೈಗೆ ಹಾಕಿಕೊಂಡೆ.

ಪೆಲೆಟ್ ನಮ್ಮ ದುಡಿ ವಾದ್ಯದ ಆಕಾರದ್ದು: ನಡು ಸಣ್ಣ, ಎರಡೂ ತುದಿ ಅಗಲ. ಹಿಂಬದಿಯ ಅಂಚು ತೆಳ್ಳಗಿರುತ್ತದೆ. ಗಾಳಿ ತಳ್ಳಿದಾಗ ಅದೇ ಹಿಗ್ಗಿ ನಳಿಕೆಯ ಒಳಗಿನ ಗೆರೆಗಳನ್ನು ಹಿಡಿಯಬೇಕು. ನನ್ನ ಅಂಗೈಯಲ್ಲಿದ್ದ ಪೆಲೆಟ್ಟಿನ ಅಂಚಿನಲ್ಲಿ ಉಗುರಿನಿಂದ ಒತ್ತಿದಂತೆ ಅರ್ಧಚಂದ್ರದ ತಗ್ಗು ಬಿದ್ದಿತ್ತು. ಇನ್ನೂ ಐದು ನೋಡಿದೆ, ಮೂರರಲ್ಲಿ ಅದೇ ಗುರುತು. ನಳಿಕೆಯ ಹಿಂಬಾಯಿಯನ್ನು ಕಾರ್ಖಾನೆಯಲ್ಲಿ ನಯ ಮಾಡದೆ ಚೂಪಾಗಿಯೇ ಬಿಟ್ಟಿದ್ದರು. ಪೆಲೆಟ್ ಒಳಗೆ ಇಳಿಯದೆ ಕೂದಲೆಳೆಯಷ್ಟು ಹೊರಗೆ ಉಳಿಯುತ್ತಿತ್ತು, ಮುಚ್ಚುವಾಗ ಎದುರಿನ ಉಕ್ಕು ಅದನ್ನು ಒಂದು ಕಡೆ ಜಜ್ಜುತ್ತಿತ್ತು. ಅಂಚು ಸೊಟ್ಟಗಾದ ಪೆಲೆಟ್ ಪಕ್ಕದಿಂದ ಗಾಳಿ ಬಿಟ್ಟು, ವಾಲಾಡುತ್ತಾ ಹೋಗುತ್ತದೆ.

ಕಂಪನಿಗೆ ಫೋಟೋ ಸಮೇತ ಬರೆದೆ. "ಬಳಸುತ್ತಾ ಹೋದರೆ ಸರಿಹೋಗುತ್ತದೆ" ಎಂಬ ಒಂದು ಸಾಲಿನ ಉತ್ತರ ಬಂತು. ಹತ್ತು ತಿಂಗಳು ಬಳಸಿಯೇ ಬರೆದವಳಿಗೆ ಇದು ಉತ್ತರವೇ? ಆ ಸಿಟ್ಟು ಇನ್ನೂ ಇಳಿದಿಲ್ಲ. ನೂರು ರೂಪಾಯಿಯ ಕೆಲಸವನ್ನು ಹದಿನಾಲ್ಕು ಸಾವಿರದ ವಸ್ತುವಿಗೆ ಮಾಡದೆ ಕಳಿಸಿದ್ದಾರೆ.

ಸರಿ ಮಾಡಿಕೊಟ್ಟವರು ನಮ್ಮ ಕಡೆಯ ಕೋವಿ ರಿಪೇರಿಯ ಹಿರಿಯರು. ಅರ ಮುಟ್ಟಲಿಲ್ಲ. ಉರುಟು ತಲೆಯ ಹಿತ್ತಾಳೆ ಸ್ಕ್ರೂಗೆ ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿ, ಹಿಂಬಾಯಿಗೆ ಒತ್ತಿ, ಎರಡು ಬೆರಳಲ್ಲಿ ನಿಧಾನವಾಗಿ ತಿರುಗಿಸಿದರು. ಪೇಸ್ಟಿನ ಒಂದು ಕಣವೂ ಉಳಿಯದ ಹಾಗೆ ಬಟ್ಟೆ ಎಳೆದು ಒರೆಸಿದರು. ಕಾಲು ಗಂಟೆಯ ಕೆಲಸ. ಮನೆಗೆ ಬಂದು ಹತ್ತು ಪೆಲೆಟ್ ಹೊಡೆದೆ: ಎಂಟು ತೂತುಗಳನ್ನು ಹತ್ತು ರೂಪಾಯಿಯ ನಾಣ್ಯದಿಂದ ಮುಚ್ಚಬಹುದಾಗಿತ್ತು.

ಅಲ್ಲಿಂದ ಈ ರೈಫಲ್ ನನ್ನದಾಯಿತು. ಸಂಜೆ ನಾಲ್ಕೂವರೆಗೆ ಕಾಫಿ ಕುಡಿದು ಕಿಟಕಿಯ ಹಳೆಯ ಗಾಜಿನ ಮೇಲೆ ಪೆಲೆಟ್‌ಗಳನ್ನು ಒಂದೊಂದಾಗಿ ಉರುಳಿಸುತ್ತೇನೆ. ಒಳ್ಳೆಯದು ಕಮಾನಿನಂತೆ ಬಾಗಿ ನಯವಾಗಿ ಉರುಳುತ್ತದೆ, ಸೊಟ್ಟಗಾದದ್ದು ಕುಂಟುತ್ತದೆ. ಕುಂಟುವುದು ಬೇರೆ ಡಬ್ಬಿಗೆ. ಆಮೇಲೆ ಒಂದೊಂದನ್ನೂ ಬೆರಳ ತುದಿಯಿಂದ ಇಟ್ಟು, ಬಾಲ್ ಪೆನ್ನಿನ ಉರುಟು ಹಿಂಬದಿಯಿಂದ ಒಂದು ಮಿಲಿಮೀಟರ್ ಒಳಕ್ಕೆ ಒತ್ತುತ್ತೇನೆ. ಅದು ಕೂರುವಾಗ ಬೆರಳಿಗೆ ಒಂದು ಸಣ್ಣ "ಟಕ್" ತಿಳಿಯುತ್ತದೆ. ಮೂವತ್ತು ಪೆಲೆಟ್ ಮುಗಿಸಲು ಮುಕ್ಕಾಲು ಗಂಟೆ. ದಿನದಲ್ಲಿ ನನ್ನ ತಲೆ ಪೂರ್ತಿ ಶಾಂತವಾಗಿರುವುದು ಆಗ ಮಾತ್ರ. ಪೆಲೆಟ್ ಸೀಸದ್ದು, ಮುಗಿಸಿದ ಕೂಡಲೇ ಸೋಪು ಹಾಕಿ ಕೈ ತೊಳೆಯುತ್ತೇನೆ. ಓರಗಿತ್ತಿಯ ಮಗನಿಗೂ ಮೊದಲು ಕಲಿಸಿದ್ದು ಕೈ ತೊಳೆಯುವುದನ್ನು. ಎರಡನೆಯದು, ಹಕ್ಕಿಯ ಕಡೆಗೆ ನಳಿಕೆ ತಿರುಗಿಸಬಾರದೆಂಬುದನ್ನು.

ನಮ್ಮ ಮಳೆಗಾಲಕ್ಕೆ ಈ ರೈಫಲ್ ತಯಾರಾದದ್ದಲ್ಲ. ಜೂನ್‌ನಲ್ಲಿ ಎರಡು ದಿನ ಒರೆಸದಿದ್ದರೆ ನಳಿಕೆಯ ಮೇಲೆ ಕೆಂಪು ಪುಡಿ. ಎಣ್ಣೆ ಬಟ್ಟೆಯಿಂದ ಹೊರಗೆ ಮಾತ್ರ ಒರೆಸಿ. ಗಾಳಿ ಒತ್ತುವ ಕೋಣೆಗೆ ಎಣ್ಣೆ ಇಳಿದರೆ ಅದು ಒಳಗೆ ಹೊತ್ತಿಕೊಂಡು ಹೊಗೆ, ದೊಡ್ಡ ಸದ್ದು, ಸ್ಪ್ರಿಂಗ್‌ಗೂ ಪೆಟ್ಟು. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವುದೂ ಬೇಡ, ಗಾಳಿ ಒತ್ತುವ ಪಿಸ್ಟನ್ ನೇರವಾಗಿ ಹೋಗಿ ಬಡಿಯುತ್ತದೆ.

ಕೊಳ್ಳಬೇಕೇ? ಕೈಗೆ ಕೆಲಸ ಗೊತ್ತಿರುವ ರಿಪೇರಿಯವರು ಹತ್ತಿರವಿದ್ದರೆ ಕೊಳ್ಳಿ. ಈ ಬೆಲೆಗೆ ಮರದ ಹಿಡಿ ಇಷ್ಟು ಚೆನ್ನಾಗಿ ಭುಜಕ್ಕೆ ಕೂರುವ ರೈಫಲ್ ನನಗೆ ಬೇರೆ ಸಿಕ್ಕಿಲ್ಲ. ಪೆಟ್ಟಿಗೆಯಿಂದ ತೆಗೆದು ನೇರ ಸ್ಪರ್ಧೆಗೆ ಒಯ್ಯುವವರು ಇನ್ನೂ ಐದಾರು ಸಾವಿರ ಕೂಡಿಸಿ ಬೇರೆಯದನ್ನು ನೋಡುವುದು ಒಳ್ಳೆಯದು. ಅಂಗಡಿಯಲ್ಲೇ ಕಿರುಬೆರಳನ್ನು ಹಿಂಬಾಯಿಯ ಸುತ್ತ ಆಡಿಸಿ ನೋಡಿ. ಚುಚ್ಚಿದರೆ ಇನ್ನೊಂದು ಕೇಳಿ.

ಹೋದ ವಾರದಿಂದ ಪೆಲೆಟ್‌ಗಳು ಮತ್ತೆ ಒಂದು ಬೆರಳು ಕೆಳಗೆ ಬೀಳುತ್ತಿವೆ. ನಳಿಕೆ ಮಡಚುವ ಸಂದಿಯ ಮೇಲೆ ತೆಳು ಕಾಗದದ ಚೂರು ಇಟ್ಟು ಹೊಡೆದೆ, ಅದು ಹಾರಿತು. ರಬ್ಬರ್ ವಾಷರ್ ಸವೆದಿದೆ. ಹೊಸದಕ್ಕೆ ಗೋಣಿಕೊಪ್ಪದಲ್ಲಿ ಹೇಳಿಟ್ಟಿದ್ದೇನೆ, ಸೆಪ್ಟೆಂಬರ್ 3ರ ಹಬ್ಬಕ್ಕೆ ಇನ್ನು ಹತ್ತೊಂಬತ್ತು ದಿನ.