ತಿರುವನಂತಪುರದ ದಾರಿಯಲ್ಲಿ ನಿದ್ದೆ, ಬುತ್ತಿ, ನಡಿಗೆ: ಒಂದು ಹೋಲಿಕೆ

ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಿಕೆಗೆ ಕೇರಳದ ಇನ್ನೊಂದು ತುದಿಯಲ್ಲಿರುವ ರಾಜಧಾನಿಗೆ ಹೋಗಿಬರುವುದು ತಪ್ಪಿದ್ದಲ್ಲ. ಪಠ್ಯಪುಸ್ತಕದ ಅನುವಾದವಿರಲಿ, ತರಬೇತಿಯಿರಲಿ, ಕಚೇರಿಯಲ್ಲಿ ಸಿಕ್ಕಿಬಿದ್ದ ಕಡತವಿರಲಿ, 580 ಕಿಲೋಮೀಟರಿನ ಆಸುಪಾಸಿನ ದಾರಿಯನ್ನು ರೈಲಿನಲ್ಲಿ ಕ್ರಮಿಸಲೇಬೇಕು. ಶಿಬಿರ ಮೂರೇ ದಿನದ್ದಾದರೂ ಹೋಗುವುದು ಬರುವುದು ಸೇರಿ ವಾರವೇ ಅಸ್ತವ್ಯಸ್ತವಾಗುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವ, ಸಕ್ಕರೆಯ ಅಂಶ ಗಡಿಯಲ್ಲೇ ನಿಂತಿರುವ ನನ್ನಂಥವಳಿಗೆ ಈ ಅಸ್ತವ್ಯಸ್ತತೆ ಸಣ್ಣ ವಿಷಯವಲ್ಲ. ಆದುದರಿಂದ ಪ್ರಯಾಣ, ಆಹಾರ, ವ್ಯಾಯಾಮ ಈ ಮೂರರಲ್ಲಿಯೂ ನಮಗೆ ಲಭ್ಯವಿರುವ ದಾರಿಗಳನ್ನು ಒಂದೊಂದಾಗಿ ಅನುಸರಿಸಿ ನೋಡಿ, ಯಾವುದು ನಿಲ್ಲುತ್ತದೆ, ಯಾವುದು ಎರಡನೆಯ ದಿನಕ್ಕೇ ಬಿದ್ದುಹೋಗುತ್ತದೆ ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ.

ಮೊದಲು ತೀರ್ಮಾನಿಸಬೇಕಾದದ್ದು ರೈಲನ್ನು. ಊಟ, ವ್ಯಾಯಾಮ ಎರಡೂ ಅದರ ಹಿಂದಿನಿಂದ ಬರುತ್ತವೆ. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚುವುದು, ಸಿಹಿಯ ಕಡೆಗೆ ಕೈ ಹೋಗುವುದು, ಮೂರನೆಯ ಚಹಾ ಅನಿವಾರ್ಯವೆನಿಸುವುದು ದೇಹದ ಸಹಜ ವರ್ತನೆ. ಅಂಥ ದಿನ ಎಷ್ಟು ದೃಢ ಮನಸ್ಸಿನವರೂ ಸಂಜೆಯ ನಡಿಗೆಗೆ ಹೊರಡುವುದಿಲ್ಲ.

ರಾತ್ರಿ ರೈಲೆಂದರೆ ನಮ್ಮವರ ಪಾಲಿಗೆ ಬಹುಮಟ್ಟಿಗೆ ಮಲಬಾರ್ ಮತ್ತು ಮಾವೇಲಿ ಎಕ್ಸ್‌ಪ್ರೆಸ್‌ಗಳು. ಮಂಗಳೂರಿನಿಂದ ಹೊರಡುವ ಈ ಎರಡೂ ಗಾಡಿಗಳು ಸಂಜೆ ಕಾಸರಗೋಡಿಗೆ ಬಂದು ಮರುದಿನ ಬೆಳಿಗ್ಗೆ ತಿರುವನಂತಪುರಕ್ಕೆ ತಲುಪಿಸುತ್ತವೆ. ಶಾಲೆ ಮುಗಿಸಿ ಹತ್ತಬಹುದು, ಒಂದು ರಾತ್ರಿಯ ಲಾಡ್ಜಿನ ಬಾಡಿಗೆ ಉಳಿಯುತ್ತದೆ, ಬೆನ್ನು ಚಾಚಿ ಮಲಗುವುದರಿಂದ ಕಾಲು ಊದುವುದಿಲ್ಲ. ಇಷ್ಟೆಲ್ಲ ಅನುಕೂಲವಿದ್ದರೂ ನಿದ್ದೆಯ ಲೆಕ್ಕಕ್ಕೆ ಬಂದಾಗ ಇದು ಸೋಲುತ್ತದೆ. 45 ವರ್ಷ ದಾಟಿದ ಮಹಿಳೆಯರಿಗೆ ರೈಲ್ವೆಯವರು ಕೆಳಗಿನ ಬರ್ತ್ ಮೀಸಲಿಟ್ಟಿದ್ದಾರೆ. ಮೊಣಕಾಲಿಗೆ ಅದು ಉಪಕಾರವೇ ಸರಿ, ಆದರೆ ಮಲಗುವ ಅವಧಿ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಅಲ್ಲಿಯವರೆಗೆ ಕೆಳಗಿನ ಬರ್ತ್ ಎಲ್ಲರೂ ಕೂರುವ ಬೆಂಚು. ಹತ್ತರ ಬಳಿಕವೂ ಕೋಝಿಕ್ಕೋಡು, ಶೊರನೂರು, ತ್ರಿಶೂರು, ಎರ್ನಾಕುಳಂ ಎಂದು ಒಂದೊಂದು ನಿಲ್ದಾಣದಲ್ಲಿ ಹತ್ತುವವರು ಫೋನಿನ ಬೆಳಕು ಹಿಡಿದು ಸೀಟಿನ ನಂಬರು ಹುಡುಕುತ್ತಾರೆ, ಆ ಬೆಳಕು ಮೊದಲು ಬೀಳುವುದು ಕೆಳಗೆ ಮಲಗಿದವರ ಮುಖಕ್ಕೆ. ಮೇಲಿನ ಬರ್ತ್ ಈ ವಿಷಯದಲ್ಲಿ ಎಷ್ಟೋ ವಾಸಿ. ಎಂಟೂವರೆಗೇ ಊಟ ಮುಗಿಸಿ ಹತ್ತಿ ಮಲಗಿದರೆ ಕೇಳುವವರಿಲ್ಲ. ಆದರೆ ರಾತ್ರಿ ಒಮ್ಮೆ ಇಳಿಯಬೇಕಾಗಬಹುದೆಂಬ ಭಯದಿಂದ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವವರು ನನ್ನ ಸಹೋದ್ಯೋಗಿಗಳಲ್ಲೇ ಅನೇಕರಿದ್ದಾರೆ. ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಇದೇ ಅಭ್ಯಾಸ ಇನ್ನೂ ಕೆಟ್ಟ ರೂಪದಲ್ಲಿದೆ. ಶೌಚಾಲಯವಿಲ್ಲದ ಬಸ್ಸು, ಘಟ್ಟದ ತಿರುವುಗಳು, ಬಾಯಾರಿದ ದೇಹ, ಇವು ಮೂರೂ ಸೇರಿದರೆ ಮರುದಿನದ ತಲೆನೋವಿಗೆ ಬೇರೆ ಕಾರಣ ಬೇಕಿಲ್ಲ.

ಇದಕ್ಕೆ ಪ್ರತಿಯಾಗಿ ಹಗಲಿನ ವಂದೇ ಭಾರತ್ ಇದೆ. ಕಾಸರಗೋಡು ಮತ್ತು ತಿರುವನಂತಪುರದ ನಡುವೆ ಮೊದಲ ಗಾಡಿ 2023ರ ಏಪ್ರಿಲ್‌ನಲ್ಲಿ ಕೋಟ್ಟಯಂ ಮಾರ್ಗವಾಗಿ ಆರಂಭವಾಯಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಲಪ್ಪುಳ ಮಾರ್ಗದ ಎರಡನೆಯದು ಬಂತು. ಸುಮಾರು ಎಂಟು ಗಂಟೆಯ ಪ್ರಯಾಣ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು. ನಮ್ಮ ಕಡೆಯಿಂದ ಮಧ್ಯಾಹ್ನ ಹೊರಡುವ ಗಾಡಿ ತಲುಪುವಾಗ ರಾತ್ರಿ ಹತ್ತು ದಾಟಿರುತ್ತದೆ. ಆಟೊ ಹಿಡಿದು ಲಾಡ್ಜಿನ ಪುಸ್ತಕದಲ್ಲಿ ಹೆಸರು ಬರೆದು ಮಲಗುವಷ್ಟರಲ್ಲಿ ಹನ್ನೊಂದೂವರೆಯಾಗಿ, ರಾತ್ರಿ ರೈಲಿಗಿಂತ ಹೆಚ್ಚಿನ ಲಾಭವೇನೂ ಉಳಿಯುವುದಿಲ್ಲ. ಬೆಳಗಿನ ಗಾಡಿಯಾದರೆ ಮಧ್ಯಾಹ್ನ ಇಳಿಯುವ ಹೊತ್ತಿಗೆ ತಲುಪಿಸುತ್ತದೆ. ಸಂಜೆ ಒಂದು ಸುತ್ತು ನಡೆದು, ಎಂಟಕ್ಕೆ ಉಂಡು, ಹತ್ತಕ್ಕೆ ದೀಪ ಆರಿಸಬಹುದು. ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಹಗುರವಾಗಿಯೇ ಇರುತ್ತದೆ. ಪರಿಚಯವಿಲ್ಲದ ಕಡೆ ಮಲಗಿದ ಮೊದಲ ರಾತ್ರಿ ಮಿದುಳಿನ ಒಂದು ಭಾಗ, ಮುಖ್ಯವಾಗಿ ಎಡಗೋಳ, ಇನ್ನೊಂದರಷ್ಟು ಗಾಢವಾಗಿ ನಿದ್ರಿಸದೆ ಸದ್ದಿಗೆ ಎಚ್ಚರವಾಗಿರುತ್ತದೆಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದಾರೆ. ಹಾಗಿದ್ದರೂ ಶಿಬಿರದ ಹಿಂದಿನ ರಾತ್ರಿಯನ್ನು ರೈಲಿನಲ್ಲಿ ಕಳೆಯುವುದಕ್ಕಿಂತ ಲಾಡ್ಜಿನಲ್ಲಿ ಕಳೆಯುವುದು ಲೇಸು. ಆ ಹಗುರ ನಿದ್ದೆಯಾದರೂ ಅಲುಗಾಡದ ಹಾಸಿಗೆಯಲ್ಲಿ ಆಗಲಿ ಎಂಬುದು ನನ್ನ ಲೆಕ್ಕ. ಮನೆಯ ದಿಂಬಿನ ಕವರು, ಹೊದೆಯುವ ಪಂಚೆ ಜೊತೆಯಲ್ಲಿದ್ದರೆ ನನಗೆ ಬೇಗ ಒಗ್ಗುತ್ತದೆ.

ವಂದೇ ಭಾರತ್‌ನ ದೋಷವೂ ಸಣ್ಣದಲ್ಲ. ಟಿಕೇಟು ಸ್ಲೀಪರ್ ದರ್ಜೆಯ ಹಲವು ಪಟ್ಟು. ಅದಕ್ಕಿಂತ ಮುಖ್ಯವಾಗಿ, ಎಂಟು ಗಂಟೆ ಕುರ್ಚಿಯಲ್ಲೇ ಇರಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕುಳಿತೇ ಪ್ರಯಾಣಿಸುವವರಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತ್ತು. ವಿಮಾನವಾಗಲಿ ಬಸ್ಸಾಗಲಿ ರೈಲಾಗಲಿ ಇದು ಒಂದೇ. ಆರೋಗ್ಯವಂತರಲ್ಲಿ ಅಪಾಯ ಆರು ಸಾವಿರಕ್ಕೆ ಒಂದರಷ್ಟು ಮಾತ್ರ ಎಂದೂ ಅದೇ ವರದಿ ಹೇಳಿದ್ದರಿಂದ ಗಾಬರಿ ಬೇಕಿಲ್ಲ, ಆದರೆ ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿದರೆ ಮಾತ್ರ ಕಾಲಿನ ರಕ್ತ ಸರಾಗವಾಗಿ ಮೇಲೇರುತ್ತದೆ ಎಂಬುದನ್ನು ಮರೆಯಬಾರದು. ನಡುದಾರಿಯ ಕಡೆಯ ಸೀಟು ಹಿಡಿದರೆ ಯಾರನ್ನೂ ಎಬ್ಬಿಸದೆ ಗಂಟೆಗೊಮ್ಮೆ ಬೋಗಿಯ ಕೊನೆಯವರೆಗೆ ನಡೆದು ಬರಬಹುದು. ಕಿಟಕಿಯ ಸೀಟಿನಲ್ಲಿ ಈ ಸ್ವಾತಂತ್ರ್ಯವಿಲ್ಲ, ಪಕ್ಕದವರು ನಿದ್ದೆಹೋದರೆಂದರೆ ನಾವು ಸೆರೆ. ಟಿಕೇಟು ಮಾಡುವಾಗ ಊಟ ಬೇಡವೆಂದು ಗುರುತು ಹಾಕುವ ಅವಕಾಶವಿದೆ, ನಾನು ಅದನ್ನು ಬಳಸುತ್ತೇನೆ. ಅಲುಗಾಡದೆ ಕುಳಿತವರ ಮುಂದೆ ಹೊತ್ತುಹೊತ್ತಿಗೆ ತಟ್ಟೆ ಬಂದರೆ ಹಸಿವಿಲ್ಲದಿದ್ದರೂ ಖಾಲಿಯಾಗುತ್ತದೆ.

ಬುತ್ತಿಯ ವಿಷಯಕ್ಕೆ ಬಂದರೆ, ನಮ್ಮ ಕಡೆ ಅದರ ಮೇಲಿನ ಭಕ್ತಿ ಸ್ವಲ್ಪ ಅತಿಯಾದದ್ದು. ಮನೆಯದ್ದೆಲ್ಲ ಆರೋಗ್ಯಕರ, ಹೊರಗಿನದ್ದೆಲ್ಲ ವಿಷ ಎಂಬ ನಂಬಿಕೆಯಲ್ಲಿ ಬಿಸಿಬಿಸಿ ಅನ್ನ ಕಲಸಿ ಸ್ಟೀಲಿನ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು ಕೊಡುವ ಅತ್ತೆಯಂದಿರಿದ್ದಾರೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ, ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅವು ಮೊಳೆತು ವಿಷ ಉತ್ಪಾದಿಸುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷದ ಒಂದು ಬಗೆ ಹೋಗುವುದಿಲ್ಲ. ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ನಾನು ನೋಡಿದ ಬುತ್ತಿಗಳಲ್ಲಿ ಅತ್ಯಂತ ಹದವಾದದ್ದು. ಎಣ್ಣೆ ಇಲ್ಲ, ಎಲೆ ಬಿಡಿಸಿದರೆ ಕೈಗೆ ಅಂಟುವುದಿಲ್ಲ, ಹಬೆಯ ತೇವದಿಂದ ಮೆತ್ತಗೇ ಇರುತ್ತದೆ. ಆದರೆ ಅದೂ ಅಕ್ಕಿಯದ್ದೇ ಆದ್ದರಿಂದ, ಮುಂಜಾನೆ ಬೇಯಿಸಿದ್ದನ್ನು ಬೆಳಗಿನ ತಿಂಡಿಯ ಹೊತ್ತಿಗೇ ರೈಲಿನಲ್ಲಿ ಮುಗಿಸಬೇಕು, ಇಳಿದ ಮೇಲೆ ತಿನ್ನೋಣವೆಂದು ಇಟ್ಟುಕೊಳ್ಳುವಂತಿಲ್ಲ. ಹೊತ್ತು ಮೀರುವ ಪ್ರಯಾಣಕ್ಕೆ ಒಣ ಚಪಾತಿ, ಚಟ್ನಿಪುಡಿ, ಹುರಿದ ನೆಲಗಡಲೆ, ತನ್ನದೇ ಸಿಪ್ಪೆಯೊಳಗೆ ಭದ್ರವಾಗಿರುವ ನೇಂದ್ರ ಬಾಳೆಹಣ್ಣು ಇವೇ ಸರಿ.

ಎರಡನೆಯ ದಾರಿ ಕೋಣೆಯಲ್ಲಿ ಬಳಸುವ ವಿದ್ಯುತ್ ಕೆಟ್ಲಿ. ರೈಲಿನಲ್ಲಿ ಇದಕ್ಕೆ ಅನುಮತಿಯಿಲ್ಲ, ಫೋನಿನ ಚಾರ್ಜಿಂಗ್ ಪಾಯಿಂಟಿಗೆ ಅದನ್ನು ಸಿಕ್ಕಿಸುವುದು ಬೆಂಕಿಯ ಅಪಾಯ. ಲಾಡ್ಜಿನಲ್ಲಿ ಕೇಳಿಯೇ ಬಳಸಬೇಕು. ಬಿಸಿನೀರಿಗೆ ರಾಗಿ ಹುರಿಹಿಟ್ಟು ಕಲಸಿ ಮಜ್ಜಿಗೆ ಸೇರಿಸಿದರೆ, ಅಥವಾ ದಪ್ಪ ಅವಲಕ್ಕಿ ನೆನೆಸಿದರೆ ಬೆಳಗಿನ ತಿಂಡಿ ಮುಗಿಯಿತು. ಕೆಟ್ಲಿಯಲ್ಲೇ ಮೊಟ್ಟೆ ಬೇಯಿಸುವವರೂ ಉಂಟು. ಹಾಲು ಕಾಯಿಸಹೋದರೆ ಮಾತ್ರ ತಳ ಹಿಡಿದು ಕೆಟ್ಲಿಯೂ ಕೋಣೆಯೂ ಸೀದ ವಾಸನೆ ಹೊಡೆಯುತ್ತವೆ. ದೂಷಿಸಲು ಇದರಲ್ಲಿ ಏನೂ ಇಲ್ಲ, ಆದರೆ ಎಲ್ಲರೂ ಹೊರಗೆ ಒಟ್ಟಿಗೆ ತಿಂಡಿಗೆ ಹೋಗುವಾಗ ಒಬ್ಬಳೇ ಕೋಣೆಯಲ್ಲಿ ಹುರಿಹಿಟ್ಟು ಕಲಸುವುದು ಎಷ್ಟು ದಿನ ನಡೆದೀತು?

ಹಾಗೆ ನೋಡಿದರೆ ಹೊರಗಿನ ಊಟದ ಬಗ್ಗೆ ತಿರುವನಂತಪುರದಲ್ಲಿ ಅಷ್ಟು ಹೆದರಬೇಕಾಗಿಲ್ಲ. ಬೆಳಿಗ್ಗೆ ಪುಟ್ಟು ಮತ್ತು ಕಡಲೆ ಸಿಗದ ಹೋಟೆಲಿಲ್ಲ. ಹಬೆಯಲ್ಲಿ ಬೆಂದ ಹಿಟ್ಟು, ನಡುವೆ ತೆಂಗಿನತುರಿ, ಜೊತೆಗೆ ಪ್ರೋಟೀನು ನಾರು ಎರಡೂ ಇರುವ ಕಡಲೆ: ಮೈದಾದ ಪೊರೋಟದ ಎದುರು ಇದಕ್ಕೆ ನೂರಕ್ಕೆ ನೂರು. ಒಂದು ಪುಟ್ಟನ್ನು ಇಬ್ಬರು ಹಂಚಿಕೊಂಡು ಕಡಲೆಯನ್ನು ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಹೇಳಿದರೆ ಇನ್ನೂ ಉತ್ತಮ. ರಾತ್ರಿ ಸಣ್ಣ ಅಂಗಡಿಗಳಲ್ಲಿ ಸಿಗುವ ಗಂಜಿ ಮತ್ತು ಹೆಸರುಕಾಳು ನಮ್ಮ ಕುಚ್ಚಲಕ್ಕಿ ಗಂಜಿಯ ಸೋದರಸಂಬಂಧಿಯೇ. ಇಲ್ಲಿ ಒಂದು ಎಚ್ಚರ ಬೇಕು. ಗಂಜಿ ಸಾತ್ವಿಕವೆಂದು ನಂಬಿ ಅದರ ಜೊತೆ ಉಪ್ಪಿನಕಾಯಿ, ಹಪ್ಪಳ, ಉಣಕ್ಕು ಮೆಣಸು (ಉಪ್ಪು ಹಾಕಿ ಒಣಗಿಸಿದ ಮೆಣಸು) ತಿಂದರೆ, ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಉಪ್ಪಿನ ಮಿತಿ ರಾತ್ರಿಯ ಒಂದೇ ಊಟದಲ್ಲಿ ಬಹುಪಾಲು ತೀರಿಹೋಗುತ್ತದೆ. ರಕ್ತದೊತ್ತಡದವರಿಗೆ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪಳಂಪೊರಿಗಿಂತ ಈ ಉಪ್ಪಿನಕಾಯಿಯೇ ಹೆಚ್ಚು ಚಿಂತೆಯ ವಿಷಯ. ಶಿಬಿರದ ಚಹಾ ಇನ್ನೊಂದು ಕಂಟಕ. ಬೆಳಿಗ್ಗೆ ಸಂಜೆ ಕಲಸಿಯೇ ಬರುವ ಸಿಹಿ ಚಹಾ, ಜೊತೆಗೆ ವಡೆಯೋ ಬಿಸ್ಕತ್ತೋ. ಹೊರಗಿನ ಗೂಡಂಗಡಿಗೆ ನಡೆದು “ಒಂದು ವಿತೌಟ್” ಎಂದು ಹೇಳಿದರೆ ಸಕ್ಕರೆಯಿಲ್ಲದ ಚಹಾವೂ ಸಿಗುತ್ತದೆ, ಕಾಲಿಗೂ ಕೆಲಸವಾಗುತ್ತದೆ. ಸಂಜೆಯ ಐದರ ಬಳಿಕ ಅದೂ ಬೇಡ. ಕೆಫೀನಿನ ಅರ್ಧಭಾಗ ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕಾಗುತ್ತದೆ.

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೋಟೆಲುಗಳಲ್ಲಿ ಕೊಡುವ ಪದಿಮುಗವೆಂಬ ಮರದ ಚಕ್ಕೆ ಹಾಕಿದ ನಸುಗೆಂಪು ನೀರು ಕುದಿಸಿದ್ದಾದರೆ ಒಳ್ಳೆಯದೇ, ಆದರೆ ಬಣ್ಣವಿದ್ದ ಮಾತ್ರಕ್ಕೆ ಕುದಿಸಿದೆಯೆಂದು ಅರ್ಥವಲ್ಲ, ಬಿಸಿನೀರಿಗೆ ನಲ್ಲಿಯ ತಣ್ಣೀರು ಬೆರೆಸಿ ಬೆಚ್ಚಗೆ ಮಾಡುವುದೂ ಉಂಟು. ಕೆಟ್ಲಿಯ ನಿಜವಾದ ಪ್ರಯೋಜನ ಇಲ್ಲಿದೆ: ರಾತ್ರಿ ಕುದಿಸಿ, ಮುಚ್ಚಿಟ್ಟು, ಬೆಳಿಗ್ಗೆ ಬಾಟಲಿಗೆ ತುಂಬುವುದು.

ವ್ಯಾಯಾಮದಲ್ಲಿ ನನ್ನ ಮುಂದಿದ್ದ ಆಯ್ಕೆಗಳು ಬೆಳಗಿನ ನಡಿಗೆ, ಕೋಣೆಯೊಳಗಿನ ಸೂರ್ಯನಮಸ್ಕಾರ, ಊಟದ ನಂತರದ ನಡಿಗೆ. ರಬ್ಬರ್ ಪಟ್ಟಿಯನ್ನೂ ಕೊಂಡೊಯ್ದಿದ್ದೆ. ಬಾಗಿಲಿನ ಹಿಡಿಗೆ ಕಟ್ಟಿ ಎಳೆಯಬೇಕಾದ ಆ ಸಾಧನಕ್ಕೆ ಲಾಡ್ಜಿನ ಸಡಿಲ ಹಿಡಿಗಳು ತಕ್ಕವಲ್ಲ.

ಬೆಳಗಿನ ನಡಿಗೆಗೆ ಆ ಊರಿನಲ್ಲಿ ನೇಪಿಯರ್ ಮ್ಯೂಸಿಯಂನ ಆವರಣಕ್ಕಿಂತ ಒಳ್ಳೆಯ ಜಾಗವಿಲ್ಲ. ದೊಡ್ಡ ಮರಗಳ ನೆರಳು, ವಾಹನದ ಕಾಟವಿಲ್ಲದ ದಾರಿ, ಬೆಳಕು ಹರಿಯುವ ಮೊದಲೇ ಸೇರುವ ನೂರಾರು ಜನ. ಒಂಟಿ ಹೆಂಗಸಿಗೆ ಭಯವಿಲ್ಲ. ತೊಂದರೆಯೆಂದರೆ ನಾವು ಇಳಿದುಕೊಳ್ಳುವುದು ಸಾಮಾನ್ಯವಾಗಿ ರೈಲು ನಿಲ್ದಾಣದ ಬಳಿಯ ತಂಬಾನೂರಿನಲ್ಲಿ, ಅಲ್ಲಿಂದ ಮ್ಯೂಸಿಯಂಗೆ ಆಟೊ ಹಿಡಿದು ಹೋಗಿ ಬರುವಷ್ಟರಲ್ಲಿ ಸ್ನಾನದ ಸಾಲಿನಲ್ಲಿ ಹಿಂದೆ ಬೀಳುತ್ತೇವೆ. ಜೊತೆಗೆ ಆ ಜಿಲ್ಲೆಗೆ ಜೂನಿನ ಮಳೆಯಷ್ಟೇ ಅಲ್ಲ, ಅಕ್ಟೋಬರ್ ನವೆಂಬರಿನ ತುಲಾಮಳೆಯೂ ಜೋರು. ಸೂರ್ಯನಮಸ್ಕಾರಕ್ಕೆ ಮಳೆಯ ಹಂಗಿಲ್ಲ, ಒಂದು ಚಾಪೆಯ ಜಾಗ ಸಾಕು. ಹನ್ನೆರಡು ಸುತ್ತಿಗೆ ಕಾಲು ಗಂಟೆಯೂ ಬೇಡ. ಆದರೆ ಟೈಲ್ಸಿನ ಮೇಲೆ ಲಾಡ್ಜಿನ ಬೆಡ್‌ಶೀಟು ಹಾಸಿ ಮಾಡಬಾರದು, ಹಿಂದಕ್ಕೆ ಚಾಚಿದ ಕಾಲು ಜಾರುತ್ತದೆ. ತೆಳುವಾದ ರಬ್ಬರ್ ಚಾಪೆಯನ್ನು ಮಡಚಿ ಚೀಲದ ತಳಕ್ಕೆ ಹಾಕಿಕೊಳ್ಳಬೇಕು.

ಆದರೂ ಇವೆರಡಕ್ಕಿಂತ ಗಟ್ಟಿಯಾಗಿ ನಿಂತದ್ದು ರಾತ್ರಿಯ ಊಟದ ನಂತರದ ಹದಿನೈದು ನಿಮಿಷದ ನಡಿಗೆ. ಉಂಡ ಕೂಡಲೇ ಸ್ನಾಯುಗಳು ದುಡಿದರೆ ರಕ್ತಕ್ಕೆ ಸೇರುತ್ತಿರುವ ಸಕ್ಕರೆಯನ್ನು ಅವೇ ಬಳಸಿಕೊಳ್ಳುತ್ತವೆ, ಏರಿಕೆ ತಗ್ಗುತ್ತದೆ. ಇದಕ್ಕೆ ಅಲಾರಂ ಬೇಡ, ಬೇರೆ ಬಟ್ಟೆ ಬೇಡ. ಹೋಟೆಲಿನಿಂದ ಹೊರಬರುವಾಗ ಯಾರಾದರೊಬ್ಬರು “ಟೀಚರೇ, ಒಂದು ಸುತ್ತು ಹೋಗುವ” ಎಂದರೆ ಎಲ್ಲರೂ ಹೊರಡುತ್ತಾರೆ. ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ಇದೊಂದೇ ಪೂರೈಸುವುದಿಲ್ಲ. ಬೆಳಗಿನ ಸೂರ್ಯನಮಸ್ಕಾರ ಮತ್ತು ಶಿಬಿರದ ನಡುವೆ ಗೂಡಂಗಡಿಯವರೆಗಿನ ನಡಿಗೆ ಸೇರಿದರೆ ಅದರ ಹತ್ತಿರ ಬರುತ್ತದೆ.

ಹೋಗುವಾಗ ಬೆಳಗಿನ ವಂದೇ ಭಾರತ್ ಎಂಬ ನನ್ನ ಆಯ್ಕೆ ಮರಳುವಾಗ ಬದಲಾಗುತ್ತದೆ. ಶಿಬಿರ ಮುಗಿದ ಸಂಜೆ ಲಾಡ್ಜಿನಲ್ಲಿ ಇನ್ನೊಂದು ರಾತ್ರಿ ಉಳಿದು ಮರುದಿನವನ್ನು ಕುರ್ಚಿಯಲ್ಲಿ ಕಳೆಯುವುದಕ್ಕಿಂತ, ರಾತ್ರಿ ರೈಲಿನ ಮೇಲಿನ ಬರ್ತ್ ಹಿಡಿದು ಬೆಳಿಗ್ಗೆ ಮನೆ ಸೇರುವುದು ಮೇಲು. ನಿದ್ದೆ ಕೆಟ್ಟರೂ ಮರುದಿನದ ಗಂಜಿ, ಮಧ್ಯಾಹ್ನದ ಸಣ್ಣ ವಿಶ್ರಾಂತಿ, ಸಂಜೆಯ ತೋಟದ ಸುತ್ತು ಎಲ್ಲವೂ ನಮ್ಮ ಕೈಯಲ್ಲೇ ಇರುತ್ತವೆ. ಇಳಿದ ದಿನವೇ ಶಾಲೆಗೆ ಹೋಗಬೇಕಾದವರಿಗೆ ಮಾತ್ರ ಈ ಸಲಹೆ ಹೊಂದುವುದಿಲ್ಲ. ಅಂಥವರು ಶನಿವಾರ ರಾತ್ರಿಗೆ ಟಿಕೇಟು ಸಿಗುವಂತೆ ಮೊದಲೇ ನೋಡಿಕೊಳ್ಳಬೇಕು.